ಓರೆಯಾಗಿ ಕೊರೆದ ತೊಲೆ

ಕೆಲಸದ ಕೊಟ್ಟಿಗೆ
ಮಾರ್ಚ್ ೧೯, ಗುರುವಾರ

ಮಗಳೇ,

ಆಶೀರ್ವಾದಗಳು. ನಿನ್ನ ಎರಡೂ ಕಾಗದ ಬಂದವು. ಉತ್ತರ ತಡವಾಯಿತು, ಬೇಸರಿಸಬೇಡ. ಸೊಂಟ ಹಿಡಿದುಕೊಂಡಿತ್ತು ಎಂದು ಬರೆಯಬಹುದಿತ್ತು. ಆದರೆ ನನ್ನ ನೆಪಗಳೆಲ್ಲ ನಿನಗೆ ಗೊತ್ತು.

ವಾಚನಾಲಯಕ್ಕೆ ಹೆಂಚು ಹೊದಿಸಿ ಆಯಿತು. ಇಡೀ ಮರಗಳನ್ನು ಸೀಳದೆ, ಸೊಟ್ಟಗಿದ್ದದ್ದನ್ನು ಸೊಟ್ಟಗೇ ನಿಲ್ಲಿಸಿದ್ದನ್ನು ನೋಡಿ ಬಂದವರೆಲ್ಲ ಬಾಯಿ ಬಿಡುತ್ತಾರೆ. ನೀನು ಕೊರೆದ ಜೋಡಣೆಗಳಲ್ಲಿ ಉಗುರೂ ತೂರದು. ಬಾಗಿಲ ಬಳಿಯದಕ್ಕೆ ಮಾತ್ರ ಬೆಣೆ ಬಡಿದೆ. ಸಂಘದ ಅಧ್ಯಕ್ಷರು ಅದು ಕಾಣದ ಹಾಗೆ ಗಡಿಯಾರ ತೂಗುಹಾಕಿಸಿದ್ದಾರೆ.

ಸಿಟ್ಟು ನನಗೂ ಇದೆ. ತೊಲೆ ಎತ್ತುವ ದಿನ ಐವತ್ತು ಜನ ಹಗ್ಗ ಹಿಡಿದು ನಿಂತಿರುವಾಗ ಉಳಿ, ಕೊಡತಿ ಬಿಸಾಕಿ ಹೊರಟುಹೋಗುವುದೆ? ಬಾಗಿಲ ಬಳಿಯ ಆ ತೊಲೆ ಕಂಬದಲ್ಲಿ ಕೂತಾಗ ಬೆರಳು ತೂರುವಷ್ಟು ಸಂದು ಉಳಿಯಿತು. "ಇದನ್ನ ಯಾರು ಕೊರೆದದ್ದು?" ಎಂದು ಅಧ್ಯಕ್ಷರು ಕೇಳಿದರು. "ನನ್ನ ಮಗಳು. ಸ್ವಲ್ಪ ಆತುರಗೇಡಿ" ಎಂದೆ. "ಅಪ್ಪಾ, ನಾನು ಕೊರೆದಾಗ ಸರಿಯಾಗೇ ಇತ್ತು" ಎಂದು ನೀನು ಹೇಳಿದೆ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ" ಎಂದು ನಾನು ಎಲ್ಲರನ್ನೂ ನಗಿಸಿದೆ.

ನಿಮ್ಮಮ್ಮ ಅಂದಿನಿಂದ ನನ್ನೊಡನೆ ಸರಿಯಾಗಿ ಮಾತಾಡಿಲ್ಲ. "ಅವಳ ಕೈ ತಪ್ಪೋ ಕೈ ಅಲ್ಲ ಕಣ್ರೀ" ಎಂದು ಬಡಿಸುತ್ತ ಒಮ್ಮೆ ಹೇಳಿದಳು, ಅಷ್ಟೇ.

ಶಾಲೆಯ ಸಭಾಂಗಣ ನೀನೇ ಮೇಸ್ತ್ರಿಯಾಗಿ ಎತ್ತಬೇಕಿದ್ದ ಮೊದಲ ಕಟ್ಟಡ. ಮೊನ್ನೆ ಅಧ್ಯಕ್ಷರು ಅದನ್ನು ನನಗೆ ಕೊಟ್ಟರು. "ಹೆತ್ತ ಅಪ್ಪನೇ ಒಪ್ಪದ ಕೆಲಸ ನಾವು ಹೇಗೆ ಒಪ್ಪೋದು?" ಎಂದರು. ನಾನು ಒಪ್ಪಿಕೊಂಡೆ. ನೀನು ಕಾರ್ಖಾನೆಯಲ್ಲಿ ಕುರ್ಚಿಗಳಿಗೆ ಮೊಳೆ ಹೊಡೆಯುತ್ತಿದ್ದೀಯ ಎಂದು ಓದಿದೆ. ಅಂಥ ಕೈಗೆ ಅದು ಕೆಲಸವೇ?

ಹೊತ್ತಿಗೆ ಸರಿಯಾಗಿ ಉಣ್ಣು. ಕೈ ಜೋಪಾನ. ನಿನಗೆ ಒಳ್ಳೆಯದಾಗಲಿ.

ನಿನ್ನ ಅಪ್ಪ

ತಾ.ಕ.: ಎತ್ತುವ ಹಿಂದಿನ ದಿನ ನೀನು ಊಟಕ್ಕೆ ಹೋಗಿದ್ದಾಗ, ನೆಲದ ಮೇಲಿದ್ದ ಆ ತೊಲೆಯ ತುದಿ ನನ್ನ ಕಣ್ಣಿಗೆ ಓರೆಯಾಗಿ ಕಂಡಿತು. ನಿನ್ನನ್ನು ಕೇಳದೆ, ಮೂಲೆಮಟ್ಟ ಇಟ್ಟು ಕೆತ್ತಿ ನೇರ ಮಾಡಿದೆ. ಕಂಬ ಸೊಟ್ಟಗಿದೆ ಎಂದೇ ನೀನು ತೂಗುಗುಂಡು ಬಿಟ್ಟು ನೋಡಿ, ಅದರ ಸೊಟ್ಟಕ್ಕೆ ತಕ್ಕಂತೆ ಓರೆಯಾಗಿ ಕೊರೆದಿದ್ದೆ. ಸಂದು ಕಂಡ ಕೂಡಲೇ ನನಗೆ ತಿಳಿಯಿತು. ಅಧ್ಯಕ್ಷರು ಕೇಳುವ ಮೊದಲೇ ತಿಳಿದಿತ್ತು. ಊರವರ ಮುಂದೆ ಇದನ್ನು ಹೇಳಲಾರೆ, ಓದಿ ಹರಿದುಹಾಕು. ಸಭಾಂಗಣದ ಮರಗಳಿಗೆ ಎಲ್ಲಿ ಕೊರೆಯಬೇಕೆಂದು ಗುರುತು ಹಾಕುವುದು ಈ ಕಣ್ಣಿನಿಂದ ಆಗದು. ನೀನು ಬಂದು ಹಾಕಿಕೊಡಬೇಕು. ಹೆಸರು ಮಾತ್ರ ನನ್ನದೇ ಇರುತ್ತದೆ.