ನಿದ್ದೆ ಅಳೆಯುವ ಫೋನು ಕೇಳಿಸಿಕೊಂಡದ್ದು

ಇಳಕಲ್ಲ
೮ ಫೆಬ್ರುವರಿ ೨೦೨೫

ಗೆಳತಿ ಕಾಸಿಂಬಿಗೆ,

ನಿನ್ನ ಮಹೇಶ್ವರಿಯ ನೆನಕೆಗಳು. ಕಮತಗಿಯಲ್ಲಿ ಎಲ್ಲರೂ ಆರಾಮ ಇದ್ದೀರಿ ಎಂದುಕೊಂಡಿದ್ದೇನೆ. ನೀನು ಬಂದು ಹೋಗಿ ಹನ್ನೆರಡು ದಿನವಾಯಿತು. ಫೋನ್ ಮಾಡಬೇಕಿತ್ತು. ನಾಲ್ಕು ಸಲ ಕೈಗೆತ್ತಿಕೊಂಡು ಹಾಗೇ ಇಟ್ಟೆ. ನಿನ್ನ ದನಿ ಕೇಳುವ ಧೈರ್ಯ ಬರಲಿಲ್ಲ. ತಡವಾದದ್ದಕ್ಕೆ ಬೇಕಾದಷ್ಟು ಬೈ.

ನಿವೃತ್ತಿಯಾದಾಗಿನಿಂದ ನನಗೆ ನಿದ್ದೆ ಇಲ್ಲವೆಂಬುದು ನಿನಗೆ ಗೊತ್ತು. ಮೂವತ್ತು ವರ್ಷ ಸಾಲಿ ಮಕ್ಕಳನ್ನು ಗದರಿಸಿ ಸುಸ್ತಾಗಿ ಮಲಗುತ್ತಿದ್ದವಳಿಗೆ ಈಗ ಗದರಿಸಲು ನಮ್ಮವರೊಬ್ಬರೇ. ಬಾಗಲಕೋಟೆಯ ಅಂಗಡಿಯಲ್ಲಿ ನಿದ್ದೆ ಅಳೆಯುವ ಕೈಗಡಿಯಾರ, ಉಂಗುರ, ಮಳೆಯ ಸದ್ದು ಮಾಡುವ ಡಬ್ಬಿ ಎಲ್ಲ ತೋರಿಸಿದರು. ಗಡಿಯಾರ ಕಟ್ಟಿಕೊಂಡು ಮಲಗಿದರೆ ಇದ್ದ ನಿದ್ದೆಯೂ ಹೋದೀತೆಂದು, ಪುಕ್ಕಟೆ ಸಿಗುವ ಆ್ಯಪ್ ಆರಿಸಿಕೊಂಡೆ. ಫೋನು ದಿಂಬಿನ ಪಕ್ಕ ಇಟ್ಟರೆ ಗೊರಕೆ, ಕನವರಿಕೆ ಎಲ್ಲ ಹಿಡಿದಿಡುತ್ತದೆ. ನಾನು ಗೊರಕೆ ಹೊಡೆಯುವುದಿಲ್ಲ ಎಂದು ನಮ್ಮವರಿಗೆ ತೋರಿಸುವ ಹಟವೂ ಇತ್ತು.

ಆ ಬೆಳಿಗ್ಗೆ ನೀನು ಮಗ ಶಾಹಿದನ ನಿಕಾಹದ ಕಾರ್ಡು ತಂದಿದ್ದೆ. ನನ್ನ ನಿವೃತ್ತಿಗೆ ನೀನೇ ನೇಯ್ದುಕೊಟ್ಟ ಸೀರೆ ಉಟ್ಟು ಬರಬೇಕು ಅಂದಿ, ನಾನು ಹೂಂ ಅಂದೆ. ಆಮೇಲೆ ದೊಡ್ಡಸ್ತಿಕೆಗೆ ಫೋನು ತೆಗೆದು, ಯಾರ ಗೊರಕೆ ಜೋರು ಕೇಳು ಎಂದು ಹಚ್ಚಿದೆ. ಬಂದದ್ದು ಗೊರಕೆಯಲ್ಲ, ನನ್ನದೇ ದನಿ.

“ಕಾಸಿಂಬಿ ಕೊಟ್ಟ ಸೀರಿ ಬಣ್ಣ ನೋಡ್ರಿ, ನಾ ಉಡಂಗಿಲ್ಲ. ಯಾರಿಗರೆ ಆಯೇರಿ ಮಾಡಿದ್ರಾತು.”

ಗಡಬಡಿಸಿ ನಿಲ್ಲಿಸಿದೆ. ಮದುವೆಯಲ್ಲಿ ಉಡುಗೊರೆಯಾಗಿ ಬಂದ ಸೀರೆಯನ್ನು ಇನ್ನೊಬ್ಬರ ಆಯೇರಿಗೆ ದಾಟಿಸುವುದು ನಮ್ಮ ಮನೆಗಳಲ್ಲಿ ಹೊಸದೇನಲ್ಲ. ಆದರೆ ನಿನ್ನದು ಅಂಗಡಿಯಿಂದ ಬಂದ ಸೀರೆಯಲ್ಲ. ಕಣ್ಣು ಮಂಜಾಗುತ್ತಿದ್ದರೂ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಸೆರಗಿನ ಎಳೆಯನ್ನು ಒಡಲಿನ ಎಳೆಗೆ ಒಂದೊಂದಾಗಿ ಜೋಡಿಸಿದವಳು ನೀನು. ಚಹಾ ಮುಗಿಸಿ, “ನಿದ್ದಿಗಣ್ಣಾಗ ಮಂದಿ ಏನೇನೋ ಅಂತಾರ, ಬಿಡವಾ” ಅಂದಿ. ನಾನು ಹೌದು ಹೌದು ಎಂದು ಆ ಮಾತನ್ನೇ ಹಿಡಿದುಕೊಂಡೆ.

ಅದು ನಿದ್ದೆಗಣ್ಣಿನ ಮಾತಲ್ಲ. ಹಿಂದಿನ ರಾತ್ರಿ ಮಲಗುವ ಮುಂಚೆ ನಮ್ಮವರಿಗೆ ಹೇಳಿದ್ದು, ಪೂರಾ ಎಚ್ಚರವಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗುತ್ತಿಲ್ಲ. ಸೀರೆ ಕಪಾಟಿನಲ್ಲೇ ಇದೆ. ಹದಿನಾರರ ನಿಕಾಹಕ್ಕೆ ಅದನ್ನು ಉಟ್ಟು ಬಂದರೆ ಏನೂ ಆಗಿಲ್ಲವೆಂದು ನಟಿಸಿದಂತಾದೀತು. ಬಾರದಿದ್ದರೆ ನಲವತ್ತು ವರ್ಷದ ಗೆಳೆತನ ಅಲ್ಲಿಗೇ ಮುಗಿದೀತು. ಇನ್ನೊಂದು ಸಲ ನೀನು ಬಾ ಅಂದರೆ ಬರುತ್ತೇನೆ. ಎಲ್ಲ ತಿಳಿದ ಮೇಲೆ ಅನ್ನು.

ಶಾಹಿದನಿಗೂ ಬರುವ ಸೊಸೆಗೂ ನನ್ನ ಆಶೀರ್ವಾದ. ಒಬ್ಬರಿಗೊಬ್ಬರು ಆಸರೆಯಾಗಿ ಬಾಳಲಿ.

ನಿನ್ನ
ಮಹೇಶ್ವರಿ

ತಾ.ಕ.: ಎಲ್ಲ ತಿಳಿದ ಮೇಲೆ ಎಂದು ಬರೆದೆ, ಆದರೆ ಎಲ್ಲ ಬರೆದಿಲ್ಲ. ನಾನು ನಿಲ್ಲಿಸಿದಾಗ ಫೋನಿನಲ್ಲಿ ಇನ್ನೂ ಮಾತು ಬಾಕಿ ಇತ್ತು. ನೀನು ಹೋದ ಮೇಲೆ ಕೇಳಿದೆ. ಆಕಿ ಮನಸ್ಸಿಗೆ ಏನನ್ನಿಸೀತು ಎಂದು ನಮ್ಮವರು ಕೇಳುತ್ತಾರೆ. “ಜನ್ಮೆಲ್ಲ ಮಗ್ಗದ ಕುಣ್ಯಾಗ ಕುಂತಾಕಿ, ಆಕೀಗೇನ್ ತಿಳೀತೈತಿ?” ಅನ್ನುತ್ತೇನೆ ನಾನು. ಅವರು ನಗಲಿಲ್ಲ, ಕಾಸಿಂಬಿ. ನಾನೊಬ್ಬಳೇ ನಗುವುದು ಕೇಳಿಸುತ್ತದೆ.