ಅಕ್ಕಿಪೇಟೆಯ ಹನ್ನೊಂದು ಗುಂಡುಸೂಜಿ

೯ ಜನವರಿ ೧೯೮೪, ಸೋಮವಾರ

ಇವತ್ತೂ ಆಸ್ಪತ್ರೆಯ ಕ್ಯಾಶುಯಾಲ್ಟಿಗೆ ಒಬ್ಬಳು. ಹದಿನೇಳು ವರ್ಷ, ನಿದ್ದೆ ಮಾತ್ರೆ. ಎಚ್ಚರ ಬಂತು, ಸದ್ಯ. ರಿಜಿಸ್ಟರಿಗೆ ವಿಳಾಸ ಕೇಳಿದರೆ ತಾಯಿ ಕೈ ಮುಗಿದರು.

"ನಿಮ್ಮ ದಮ್ಮಯ್ಯ, ತ್ಯಾಗರಾಜನಗರ ಅಂತ ಬರೀಬೇಡಿ. ನಾಳೆ ಇವಳಿಗೆ ಗಂಡು ಹುಡುಕ್ಬೇಕಲ್ಲ."

ಎಂದಿನಂತೆ ಅಕ್ಕಿಪೇಟೆ ಎಂದು ಬರೆದೆ. ಆ ಮಂಡಿಗಳ ಸಂದಿಯಲ್ಲಿ ಮನೆ ನಂಬರ್ ಹುಡುಕಿಕೊಂಡು ಯಾರು ಹೋಗುತ್ತಾರೆ! ಮೊದಲ ಸಲ ಬರೆದು ಎರಡು ಸಲ ಹೊಡೆದುಹಾಕಿದ್ದೆ. ಈಗ ಅಭ್ಯಾಸ.

೧ ಫೆಬ್ರವರಿ

ಡಾಕ್ಟರ್ ವೀರಭದ್ರಯ್ಯ ಗೋಡೆಗೆ ಬೆಂಗಳೂರಿನ ಮ್ಯಾಪ್ ಹಚ್ಚಿದ್ದಾರೆ. ಮಾತ್ರೆ, ಗಾಂಜಾ ಎಂದು ಬಂದ ಇಪ್ಪತ್ತರೊಳಗಿನವರ ವಿಳಾಸ ನಾನು ಓದುವುದು, ಅವರು ಗುಂಡುಸೂಜಿ ಚುಚ್ಚುವುದು. ಅಕ್ಕಿಪೇಟೆಗೇ ಹನ್ನೊಂದು. ಮಲ್ಲೇಶ್ವರಂಗೆ ಒಂದೂ ಇಲ್ಲ. ಹೇಗಿರುತ್ತದೆ? ನಮ್ಮ ಮಲ್ಲೇಶ್ವರಂನ ನಾಲ್ವರನ್ನು ಅಕ್ಕಿಪೇಟೆಗೆ ದಾಟಿಸಿದವಳು ನಾನೇ ತಾನೆ.

"ನೋಡಿದ್ರಾ, ಎಲ್ಲಾ ಒಂದೇ ಕಡೆ! ಮಾತ್ರೆ ಮಾರೋನು ಅಲ್ಲೇ ಇದಾನೆ. ಪೊಲೀಸಿಗೆ ಹೇಳ್ತೀನಿ," ಎಂದರು.

ನಿಜ ಹೇಳುವ ಬದಲು ರಿಜಿಸ್ಟರ್ ಮುಚ್ಚಿಟ್ಟೆ. ಕೆಲಸ ಹೋದರೆ? ಹೇಡಿ ನಾನು. ನಾಳೆ ಹೇಳುತ್ತೇನೆ.

೧೪ ಫೆಬ್ರವರಿ

ಹೇಳಿಲ್ಲ.

ಅಟೆಂಡರ್ ದಾಸಪ್ಪ ಅಕ್ಕಿಪೇಟೆಯವನು. ಅವನ ಭಾಮೈದ ಓಬಳಪ್ಪನ ಔಷಧಿ ಅಂಗಡಿಗೆ ಪೊಲೀಸರು ಬೀಗ ಜಡಿದರಂತೆ.

"ನಮ್ಮ ಬೀದಿ ಮಕ್ಕಳು ಒಬ್ಬೊಬ್ರನ್ನೂ ಬಲ್ಲೆ ರಂಗನಾಯಕಮ್ಮೋರೆ. ಮಾತ್ರೆ ನುಂಗಿದೋರು ಯಾರು? ಒಂದು ಹೆಸರು ಹೇಳಿ ನೋಡೋಣ."

ಫೈಲು ಹುಡುಕುವವಳಂತೆ ತಲೆ ಬಗ್ಗಿಸಿದೆ. ಮನೆಗೆ ಬಂದರೆ ಊಟ ಸೇರಲಿಲ್ಲ. ಮಗಳು ಪದ್ಮಜಾಳೂ ಅರ್ಧಕ್ಕೇ ಎದ್ದಳು. ಪಿಯುಸಿ ಪರೀಕ್ಷೆ ಹತ್ತಿರ, ಓದಿ ಓದಿ ಕಣ್ಣು ಕೆಂಪು, ಪಾಪ.

೧೨ ಮಾರ್ಚ್, ಮಧ್ಯಾಹ್ನ ಮೂರು

ಪದ್ಮಜಾಳನ್ನು ಪಕ್ಕದ ಮನೆಯವರು ಆಟೋದಲ್ಲಿ ತಂದರು. ನನ್ನದೇ ಕ್ಯಾಶುಯಾಲ್ಟಿಗೆ. ಹೊಟ್ಟೆ ತೊಳೆದರು. ಅಯ್ಯೋ ದೇವರೇ, ಆ ತುಟಿ... ನೀಲಿ. ನಿದ್ದೆ ಬರಲಿ ಎಂದು ಒಂದು ನುಂಗಿದಳಂತೆ, ಬರಲಿಲ್ಲ ಎಂದು ಇನ್ನೊಂದು, ಹಾಗೇ ಎಂಟು. ಈಗ ಕಣ್ಣು ಬಿಟ್ಟಿದ್ದಾಳೆ. ಎಲ್ಲಿ ಸಿಕ್ಕಿತೆಂದು ಕೇಳಿದೆ.

"ನಮ್ಮ ಕ್ರಾಸ್ ಮೂಲೆ ಔಷಧಿ ಅಂಗಡೀಲೇ ಅಮ್ಮ. ಕಾಲೇಜಿನೋರೆಲ್ಲ ಅಲ್ಲೇ ತಗೊಳ್ಳೋದು."

ಮಲ್ಲೇಶ್ವರಂನ ಆ ನಾಲ್ವರೂ ಅಲ್ಲೇ ಕೊಂಡಿರಬೇಕು. ಅವರ ವಿಳಾಸ ಇದ್ದ ಹಾಗೆ ಬರೆದಿದ್ದರೆ ಬೀಗ ಬೀಳುತ್ತಿದ್ದದ್ದು ಈ ಅಂಗಡಿಗೆ. ನನ್ನ ಮಗುವಿಗೆ ವಿಷ ಸಿಗುವ ಹಾಗೆ ಮಾಡಿದ್ದು ನಾನೇ. ಹೆತ್ತವಳು.

ನಮ್ಮ ಯಜಮಾನರು ಬ್ಯಾಂಕಿನಿಂದ ಓಡಿಬಂದರು. ಮಗಳ ಮುಖ ನೋಡಿದರು, ಅತ್ತರು, ಆಮೇಲೆ ನನ್ನ ಕಿವಿಯ ಹತ್ತಿರ: "ಅಕ್ಕಿಪೇಟೆ ಅಂತ ಬರೆದ್ಬಿಡೆ. ನಿನಗೇನು ಹೊಸದಾ?"

ಸ್ಟ್ರೆಚರ್ ಹಿಡಿದು ದಾಸಪ್ಪ ಪಕ್ಕದಲ್ಲೇ ನಿಂತಿದ್ದ. ಕೇಳಿಸಿತು ಅವನಿಗೆ. ಖಾಲಿ ಸ್ಟ್ರೆಚರ್ ತಳ್ಳಿಕೊಂಡು ಹೋದ.

ಮೂರೂವರೆ

ಬರೆದೆ. ಮಲ್ಲೇಶ್ವರಂ, ಕ್ರಾಸು, ಮನೆ ನಂಬರ್, ಎಲ್ಲ. ಇವರು ಮಾತು ಬಿಟ್ಟಿದ್ದಾರೆ. ಬಿಡಲಿ. ಡಾಕ್ಟರಿಗೆ ಆ ಹನ್ನೊಂದು ಸುಳ್ಳು ವಿಳಾಸಗಳನ್ನೂ ಹೇಳಬೇಕು. ಅದಕ್ಕೂ ಮೊದಲು ದಾಸಪ್ಪನಿಗೆ. ಮಗಳಿಗೆ ಹೊದಿಕೆ ಹಿಡಿದುಕೊಂಡು ಅವನೇ ಬರುತ್ತಿದ್ದಾನೆ. ಅವನ ಮುಖ ನೋಡಿ ಏನೆಂದು—