ಸೀರೆ ಹೊದ್ದು ತೋರಿಸುವವಳು

ಜೂನ್ 3, ಸೋಮವಾರ

ಇವತ್ತೂ ಊಟ ಆಗುವಾಗ ಸಂಜೆ. ಬೆಳ್ತಂಗಡಿಯ ಮದುವೆ ಪಾರ್ಟಿ ಅಂಗಡಿಗೆ ಬಂದಿತ್ತು. ಗಿರಾಕಿಗಳಿಗೆ ಸೀರೆ ಹೊದ್ದು ತೋರಿಸುವುದು ನನ್ನ ಕೆಲಸ. ಮದುಮಗಳ ತಾಯಿ, “ಇವಳ ಮೈಮೇಲೆ ಇರುವುದನ್ನೇ ಕೊಡಿ” ಎಂದರು. ಮ್ಯಾನೇಜರ್ ನಿತೇಶ್, “ಸುರಕ್ಷಾ ಹೊದ್ದರೆ ಗೋಣಿಯೂ ಸೇಲ್ ಆಗ್ತದೆ” ಎಂದ. ಎಲ್ಲರೂ ನಕ್ಕರು. ನನಗೂ ಖುಷಿ. ಪಾಣೆಮಂಗಳೂರು ಸೇತುವೆ ದಾಟುವಾಗ ಬಸ್ಸಿನ ಗಾಜಿನಲ್ಲಿ ನನ್ನನ್ನೇ ನೋಡಿಕೊಂಡೆ.

ಜೂನ್ 19

ಮೇಲಿನ ಸ್ಟಾಕ್ ರೂಮು. ಹೊಸ ಬಂಡಲ್ ಬಿಚ್ಚಬೇಕು ಎಂದು ನಿತೇಶ್ ಕರೆದ. ಬಾಗಿಲು ಹಾಕಿದ. ಬೇಡ ಸರ್ ಎಂದೆ. ಎಷ್ಟು ಸಲ ಎಂದೆ... “ಇಷ್ಟು ಚಂದ ಇದ್ದರೆ ನಾನೇನು ಮಾಡುವುದು?”

ಬರೆಯಲಾರೆ.

ಜೂನ್ 20

ಜ್ವರ ಎಂದು ಅಮ್ಮನಿಗೆ ಹೇಳಿದೆ.

ಆಗಸ್ಟ್ 11

ಕೆಲಸಕ್ಕೆ ಹೋಗುತ್ತಲೇ ಇದ್ದೇನೆ. ಬಿಟ್ಟರೆ ಕಳ್ಳತನದ ಕೇಸ್ ಹಾಕಿಸುತ್ತಾನಂತೆ. ಕರೆದಾಗಲೆಲ್ಲ ಮೇಲೆ ಹೋಗಬೇಕು. ಪೌಡರ್ ಬಿಟ್ಟೆ, ಮಲ್ಲಿಗೆ ಬಿಟ್ಟೆ. ಇವತ್ತು ಕೂದಲನ್ನೂ ಕತ್ತರಿಸಿಕೊಂಡೆ, ಅಡ್ಡಾದಿಡ್ಡಿ. ಚಂದ ಹೋದರೆ ಅವನೂ ಬಿಟ್ಟಾನು ಎಂದು. ಅಮ್ಮ ಅತ್ತಳು.

ಆಗಸ್ಟ್ 12

ಅವನು ನಕ್ಕ. ಅಷ್ಟೇ. ಮತ್ತೆ ಕರೆದ.

ಆಗಸ್ಟ್ 26

ಜೊತೆಗೆ ಕೆಲಸ ಮಾಡುವ ಮುರ್ಶಿದಾಳಿಗೆ ಕೊನೆಗೂ ಹೇಳಿದೆ. “ಧಣಿಗೆ ಹೇಳುವ. ನಾನೂ ಬರ್ತೇನೆ” ಎಂದಳು. ಹೋದೆವು. ಅಂಗಡಿಯ ಧಣಿ ಎಲ್ಲ ಕೇಳಿದರು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

“ಕನ್ನಡಿ ನೋಡಿದ್ದೀಯಾ ಮಾರಾಯ್ತಿ? ಈ ಅವತಾರಕ್ಕೆ ಅವನು ಯಾಕೆ ಕೈ ಹಾಕ್ತಾನೆ?”

ಮುರ್ಶಿದಾ ಜಗಳಕ್ಕೇ ನಿಂತಳು. ಆಗ ನನಗೆ ಅನಿಸಿದ್ದನ್ನು ಬರೆಯಲಿಕ್ಕೂ ನಾಚಿಕೆ — ಮೊದಲು ಚಂದ ಇದ್ದೆ ಸರ್, ಬೇಕಾದರೆ ಅವನನ್ನೇ ಕೇಳಿ, ಎನ್ನಬೇಕೆನಿಸಿತು. ಥೂ. ನನ್ನ ಬೆಲೆಗೆ ಅವನ ಸಾಕ್ಷಿ.

ನಾಳೆಯಿಂದ ಇಬ್ಬರಿಗೂ ಕೆಲಸವಿಲ್ಲ.

ಡಿಸೆಂಬರ್ 8, ಭಾನುವಾರ

ಮುಂಡಾಜೆಯಿಂದ ನನ್ನನ್ನು ನೋಡಲು ಬಂದಿದ್ದರು. ಹುಡುಗ ಲೋಕನಾಥ ದುಬೈಯಲ್ಲಿ. ಅವನ ಸೋದರತ್ತೆ ಗಲ್ಲ ಹಿಡಿದು, “ಹುಡುಗಿ ಚಂದ ಉಂಟು” ಎಂದರು. ಬಚ್ಚಲಿಗೆ ಓಡಿದೆ. ವಾಂತಿ.

ಅವರು ಹೋದ ಮೇಲೆ ಅಮ್ಮ ಬಂದಳು. “ಏನಾಯ್ತು ಮಗಾ? ಅವರು ಒಪ್ಪಿದ್ದಾರೆ, ಗೊತ್ತುಂಟಾ?”

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವಳ ಮುಖದ ತುಂಬ ನಗು.

“ಪಿತ್ತ” ಎಂದೆ.

ಈಗ ಹುಡುಗನಿಗೆ ಫೋಟೊ ಕಳಿಸಬೇಕಂತೆ. ನಗುತ್ತಿರುವುದು, ಸೀರೆಯಲ್ಲಿ. ಮೊಬೈಲ್ ಪೂರ್ತಿ ಹುಡುಕಿದೆ. ಜೂನ್ ಆದ ಮೇಲಿನದು ಒಂದೂ ಇಲ್ಲ. ಮೊದಲಿನವೆಲ್ಲ ಅಂಗಡಿಯ ಸ್ಟೇಟಸ್‌ಗೆಂದು ಸೆರಗು ಸರಿಮಾಡಿ ನಿತೇಶನೇ ತೆಗೆದ —